ಭವನಕ್ಕೆ ಮರ ಅಡ್ಡ ಅಲ್ಲ



"ಅಲ್ಲಿ ಮರ ಇದೆ, ಫಾರೆಸ್ಟ್ ಜಾಗ, ಭವನ ಆಗಲ್ಲ." ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೇರಿಗಳಿಂದ ಸಮುದಾಯ ಭವನ ಕೇಳಿ ಹೋದವರಿಗೆ ಈ ಉತ್ತರ ಹೊಸದಲ್ಲ. ಇದಕ್ಕೊಂದು ಇತಿಹಾಸ ಇದೆ.

ಬ್ರಿಟಿಷರ ಕಾಲದಲ್ಲಿ ಇದೇ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಸಿಕ್ಕಿತು. ತೋಟ ಇದ್ದವರಿಗೆ ಬೆಟ್ಟ. ತೋಟ ಇಲ್ಲದ ನಮ್ಮ ಅಜ್ಜಂದಿರಿಗೆ? ಸೊಪ್ಪು ಹೊರುವ ಕೂಲಿ. ಬೆಟ್ಟ ಕೊಟ್ಟದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ತೋಟಕ್ಕೆ ಗೊಬ್ಬರ ಬೇಕೇ ಬೇಕು. ಆದರೆ ಮರ ಉಳಿಸಿಕೊಂಡೇ ಕಾಡಿನಲ್ಲಿ ಜನರ ಅಗತ್ಯಕ್ಕೆ ದಾರಿ ಮಾಡಬಹುದು ಅಂತ ಸರ್ಕಾರಕ್ಕೆ ಆಗಲೇ ಗೊತ್ತಿತ್ತು.

ಭವನ ಯಾಕೆ ಬೇಕು ಅನ್ನೋರಿಗೆ ಇನ್ನೊಂದು ಮಾತು. 1923ರಲ್ಲಿ ಎಸ್.ಕೆ. ಬೋಲೆಯವರು ಮುಂಬೈ ಶಾಸನಸಭೆಯಲ್ಲಿ ಠರಾವು ತಂದರು: ಸರ್ಕಾರಿ ಹಣದಲ್ಲಿ ನಡೆಯುವ ಬಾವಿ, ಶಾಲೆ, ಧರ್ಮಶಾಲೆ ಅಸ್ಪೃಶ್ಯರಿಗೂ ತೆರೆದಿರಬೇಕು. ಬಾಬಾಸಾಹೇಬರ 1927ರ ಮಹಾಡ್ ಹೋರಾಟದ ಹಿಂದೆ ಇದೇ ಠರಾವಿತ್ತು. ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಠರಾವು ಕಾಗದದಲ್ಲಿ ಬಂತು. ನಾವು ಧೈರ್ಯವಾಗಿ ಮದುವೆ ಮಾಡಿ ಪಂಕ್ತಿ ಹಾಕೋ ಜಾಗ ಎಷ್ಟು ಊರಲ್ಲಿದೆ, ನೀವೇ ಎಣಿಸಿ.

ಈಗ ಕಾನೂನು. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಓದಿ. ಸರ್ಕಾರ ನಿರ್ವಹಿಸುವ 13 ಬಗೆಯ ಸೌಲಭ್ಯಗಳಿಗೆ ಅರಣ್ಯ ಜಾಗ ಕೊಡಬಹುದು. ಕೊನೆಯದೇ ಸಮುದಾಯ ಕೇಂದ್ರ. ಷರತ್ತು: ಜಾಗ 1 ಹೆಕ್ಟೇರ್‌ಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. 20 ಗುಂಟೆಗೆ ಲೆಕ್ಕ ಹಾಕಿದರೆ ಸುಮಾರು 15 ಮರ. ಅಷ್ಟನ್ನೂ ಯಾಕೆ ಕಡೀಬೇಕು? 1983ರಲ್ಲಿ ಮರ ಅಪ್ಪಿಕೊಂಡು ಕೊಡಲಿ ತಡೆದ ತಾಲೂಕು ನಮ್ಮದು.

ಸಾಮಾನ್ಯವಾಗಿ ಬರುವ ನಕ್ಷೆ ಒಂದು ಉದ್ದ ಡಬ್ಬಿ. ಅದನ್ನ ಕೂರಿಸೋಕೆ ಜಾಗ ಬೋಳಿಸ್ತಾರೆ. ನಾವು ಉಲ್ಟಾ ಮಾಡೋಣ: ಮೊದಲು ಟೇಪ್ ಹಿಡಿದು ಒಂದೊಂದು ಮರದ ಜಾಗ, ಸುತ್ತಳತೆ, ಕೊಂಬೆ ಎಲ್ಲಿವರೆಗೆ ಚಾಚಿದೆ ಅಂತ ಕಾಗದಕ್ಕೆ ಇಳಿಸಿ, ಆಮೇಲೆ ನಡುವಿನ ಖಾಲಿ ಜಾಗಕ್ಕೆ ಕಟ್ಟಡ. ಒಂದು ದೊಡ್ಡ ಹಾಲ್ ಬದಲು ಎರಡು ಸಣ್ಣದು, ಮಧ್ಯೆ ಹಲಸೋ ಮಾವೋ ಇರುವ ಅಂಗಳ. ಊಟದ ಪಂಕ್ತಿ ಅಲ್ಲೇ. ಉದ್ದಕ್ಕೆ ಪಾಯ ತೋಡಿದರೆ ಬೇರು ಕಡಿದು ಹೋಗುತ್ತೆ, ಮುಂದೊಂದು ಮಳೆಗಾಲದಲ್ಲಿ ಮರ ಮಾಡಿನ ಮೇಲೇ ಬೀಳಬಹುದು. ಅದಕ್ಕೆ ಕಂಬದ ಗುಂಡಿ ಸಾಕು, ಕೈಯಲ್ಲೇ ತೋಡಬೇಕು, ದಪ್ಪ ಬೇರು ಸಿಕ್ಕರೆ ಗುಂಡಿ ಸರಿಸಬೇಕು. ಆರ್‌ಸಿಸಿ ತಾರಸಿ ಬೇಡವೇ ಬೇಡ. ಎಲೆ ಬಿದ್ದು ನೀರಿನ ಪೈಪ್ ಕಟ್ಟುತ್ತೆ, ನಮ್ಮ ಮಳೆಗೆ ಸೋರದೆ ಇರುತ್ತಾ? ಇಳಿಜಾರಿನ ಹಂಚಿನ ಮಾಡೇ ಸರಿ.

ಗ್ರಾಮಸಭೆಯ ಠರಾವಿನ ಜೊತೆ ಈ ಮರದ ನಕ್ಷೆಯನ್ನೂ ಲಗತ್ತಿಸಿ. ಯಾವ ಮರ ಉಳಿಯುತ್ತೆ, ಯಾವುದು ಹೋಗುತ್ತೆ, ನಂಬರ್ ಹಾಕಿ. ಬರೀ ಅರ್ಜಿ ಕೊಟ್ಟರೆ "ಮರಗಳಿವೆ" ಅಂತ ಷರಾ ಬರೆದು ವಾಪಸ್ ಕಳಿಸೋದು ಒಂದು ನಿಮಿಷದ ಕೆಲಸ. ಗುಮಾಸ್ತನಾಗಿ ಅಂಥ ಕಡತ ಬೇಕಾದಷ್ಟು ನೋಡಿದ್ದೇನೆ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಟೇಬಲ್ ಬಿಟ್ಟು ಏಳಬೇಡಿ.