ಕರಣಂ ದಫ್ತರ, ಕಚೇರಿ ಹೆಬ್ಬೆಟ್ಟು

ನಮ್ಮಜ್ಜ ಹಡಗಲಿ ಸೀಮೆಯ ಒಂದು ಹಳ್ಳಿಗೆ ಕರಣಂ, ಅಂದರೆ ಊರ ಜಮೀನಿನ ಲೆಕ್ಕ ಬರೆಯುವವ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಊರ ದಫ್ತರ ಪಡಸಾಲೆಯ ಗೂಡಿನಲ್ಲಿರುತ್ತಿತ್ತು. ಗೂಡಿಗೆ ಬಾಗಿಲಿತ್ತು, ಬೀಗವಿರಲಿಲ್ಲ. ಅಡಂಗಲ್, ಅಂದರೆ ಹೊಲದ ಪಹಣಿ, ಕೇಳಲು ಬಂದ ರೈತ ಚಪ್ಪಲಿ ಬಿಟ್ಟು ಕಟ್ಟೆಯ ಕೆಳಗೆ ಕೂರಬೇಕು. ಕೆಲವರಂತೂ ಕಟ್ಟೆಯ ತನಕವೂ ಬರುವಂತಿರಲಿಲ್ಲ. ದಫ್ತರ ಕಾಯುತ್ತಿದ್ದದ್ದು ಜಾತಿ, ಅದರ ಜೊತೆಗೆ ಊರಿನ ನಿರಕ್ಷರತೆ.

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹೊಲ ಹೊಲ ಅಳೆಸಿದ. ಒಬ್ಬ ಅಳೆದದ್ದನ್ನು ಇನ್ನೊಬ್ಬ ಪರೀಕ್ಷಿಸುವ ಕಟ್ಟಳೆ ಇಟ್ಟ. ಬುದ್ಧಿವಂತನೇ. ಆದರೂ ವರ್ಷ ವರ್ಷದ ಲೆಕ್ಕಕ್ಕೆ ಕರಣಂ ಇಲ್ಲದೆ ಅವನಿಗೂ ನಡೆಯಲಿಲ್ಲ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. 1963ರಲ್ಲಿ ವಂಶಪಾರಂಪರ್ಯದ ಹುದ್ದೆಗಳು ಹೋಗಿ ಸಂಬಳದ ಗ್ರಾಮ ಲೆಕ್ಕಿಗ ಬಂದ. ದಫ್ತರ ಪಡಸಾಲೆ ಬಿಟ್ಟು ಅವನ ಬಗಲ ಚೀಲ ಸೇರಿತು, ಅಷ್ಟೇ. ಪಹಣಿ ಬೇಕಾದವರು ಅವನನ್ನು ಸಂತೆಯಲ್ಲೋ ಚಾದಂಗಡಿಯಲ್ಲೋ ಹುಡುಕಬೇಕು.

2000ದ ಆಸುಪಾಸಿನಲ್ಲಿ ‘ಭೂಮಿ’ ಬಂತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳು, ಎನ್‌ಐಸಿಯ ತಂತ್ರಾಂಶ. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ತಾಲ್ಲೂಕು ಕಚೇರಿಯಲ್ಲಿ ಆಗ 15 ರೂಪಾಯಿಗೆ ಒಂದು ಪ್ರಿಂಟ್. ಕೊಟ್ಟೂರು ಆಗಿನ್ನೂ ತಾಲ್ಲೂಕಾಗಿರಲಿಲ್ಲ, ಅಲ್ಲಿನವರೂ ಕೂಡ್ಲಿಗಿಗೇ ಬಂದು ಪಾಳಿ ನಿಲ್ಲುತ್ತಿದ್ದರು.

ರೆವಿನ್ಯೂ ಇಲಾಖೆಯಲ್ಲೇ ತಲೆ ಹಣ್ಣಾದ ನನಗೆ ‘ಭೂಮಿ’ಯಲ್ಲಿ ಬಹಳ ಹಿಡಿಸಿದ್ದು ಹೆಬ್ಬೆಟ್ಟು. ಬರೀ ಪಾಸ್‌ವರ್ಡನ್ನು ನಂಬದೆ, ಸಿಬ್ಬಂದಿ ಬೆರಳಿಟ್ಟರೆ ಮಾತ್ರ ತೆರೆಯುವಂತೆ ಮಾಡಿದ್ದರು. ಕಚೇರಿಯ ಒಳಗುಟ್ಟು ಬಲ್ಲವರ ಕೆಲಸ ಅದು. ಭಾರತ ಹುಣ್ಣಿಮೆ ಹತ್ತಿರವಾಯಿತೆಂದರೆ ಮೈಲಾರದ ಕಾರಣಿಕಕ್ಕೋ ಕೊಟ್ಟೂರ ತೇರಿಗೋ ಅರ್ಧ ಕಚೇರಿ ಡ್ಯೂಟಿಗೆ ಹೋಗುತ್ತದೆ. ಹೋಗುವವರು ಉಳಿದವರಿಗೆ ಬೀರುವಿನ ಕೀಲಿ ಕೊಟ್ಟಂತೆಯೇ ಪಾಸ್‌ವರ್ಡನ್ನೂ ಹೇಳಿಹೋಗುವುದನ್ನು ಬೇರೆ ಬೇರೆ ಕೆಲಸಗಳಲ್ಲಿ ಕಂಡಿದ್ದೇನೆ. ‘ನಮ್ಮ ಹುಡುಗನೇ, ಬಿಡ್ರಿ’ ಎನ್ನುವರು. ಹೇಳದಿದ್ದರೆ? ನಂಬಿಕೆಯಿಲ್ಲ ಎಂದಂತಾಯಿತು. ಮಾರನೆಯ ದಿನದಿಂದ ಊಟದ ಡಬ್ಬಿ ಒಬ್ಬನೇ ಬಿಚ್ಚಬೇಕು. ಸುತ್ತೋಲೆ ಎಷ್ಟು ಬಂದರೇನು, ಈ ದಾಕ್ಷಿಣ್ಯ ಮೀರುವುದು ಗುಮಾಸ್ತನ ಕೈಲಾಗದು. ಹೆಬ್ಬೆಟ್ಟು ಬಂದ ಮೇಲೆ ‘ಬೆರಳು ಬಿಟ್ಟು ಹೋಗಾಕ ಬರಲ್ಲಪ್ಪ’ ಎಂದರೆ ಯಾರ ಮನಸ್ಸೂ ನೋಯುತ್ತಿರಲಿಲ್ಲ.

ಸರದಿಯ ವಿಷಯದಲ್ಲೂ ಹೀಗೇ. ಮೊದಲು ಬಂದ ಅರ್ಜಿ ಮೊದಲು ಎಂಬುದನ್ನು ತಂತ್ರಾಂಶವೇ ಹಿಡಿದು ಕೂತಿತು. ಗೌಡರಿಗೆ ಇಲ್ಲವೆನ್ನಲಾರದ ಕೇಸ್‌ವರ್ಕರ್ ‘ಕಂಪ್ಯೂಟರ್ ಬಿಡವಲ್ದು ಗೌಡ್ರೆ’ ಎಂದು ಪಾರಾಗತೊಡಗಿದ. ಚಾಲಾಕಿಗಳೇನು ಸುಮ್ಮನಿರಲಿಲ್ಲ; ಅರ್ಜಿಯನ್ನೇ ಏರಿಸದೆ ‘ನಾಳೆ ಬಾ’ ಎನ್ನುವ ಹಳೇ ವಿದ್ಯೆ ಅವರ ಹತ್ತಿರವಿತ್ತು.

ಈಗ ಲೆಕ್ಕಿಗರಿಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು. ಕಿಸೆಯ ಮೊಬೈಲಿನಲ್ಲಿ ಆ್ಯಪ್‌ಗಳ ರಾಶಿ. ಆ ಹೊರೆ ತಾಳದೆ 2024ರಲ್ಲಿ ರಾಜ್ಯದಾದ್ಯಂತ ಮುಷ್ಕರವನ್ನೇ ಹೂಡಿದರು. ನನ್ನ ಬಳಗದ ಹುಡುಗಿಯೊಬ್ಬಳು ಆ ಕೆಲಸದಲ್ಲಿದ್ದಾಳೆ. ಮೊನ್ನೆ ನಮ್ಮನೆಯಲ್ಲಿ ರೊಟ್ಟಿ ತಿನ್ನುವಾಗ ಅವಳಿಗೆ ಫೋನು ಬಂತು. ‘ಅಕ್ಕಾ, ಓಟಿಪಿ ಬಂದೈತೇನ್ ನೋಡ್ರಿ.’ ಅವಳು ಎಡಗೈಯಲ್ಲಿ ಮೊಬೈಲ್ ಹಿಡಿದು ಒಂದೊಂದೇ ಅಂಕಿ ಓದಿ ಹೇಳಿದಳು. ಯಾರವ್ವಾ ಅಂದೆ. ‘ನಮ್ಮ ಹುಡುಗನೇ, ಮಾವ’ ಅಂದಳು.