ಮರುಭೂಮಿಯ ಲಾರಿ, ದಿಕ್ಕು ಮತ್ತು ನೆಲೆ: ಒಂದು ಟಿಪ್ಪಣಿ

ವಾಹನದಲ್ಲಿ ದಾರಿ ಹಿಡಿಯಲು ದಿಕ್ಸೂಚಿ ಮೇಲೋ ಜಿಪಿಎಸ್ ಮೇಲೋ ಎಂಬ ಚರ್ಚೆಯಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗುತ್ತವೆ. ಗಾಡಿಯ ಮುಖ ಯಾವ ಕಡೆಗಿದೆ ಎಂಬುದು ಒಂದು, ಗಾಡಿ ಎಲ್ಲಿದೆ ಎಂಬುದು ಇನ್ನೊಂದು. ದಿಕ್ಸೂಚಿ ಮೊದಲನೆಯದನ್ನಷ್ಟೇ ಹೇಳುತ್ತದೆ. ಜಿಪಿಎಸ್ ಮೂಲತಃ ಎರಡನೆಯದನ್ನು ಹೇಳುವ ಸಾಧನ. ಈ ಎರಡು ಕೆಲಸಗಳನ್ನೂ ಬೇರೆ ಬೇರೆ ಉಪಕರಣಗಳಿಗೆ ವಹಿಸಿದ ಕಾಲವೊಂದಿತ್ತು. ಲಿಬಿಯಾ ಮರುಭೂಮಿಯಲ್ಲಿ ಎರಡನೇ ಮಹಾಯುದ್ಧದವರೆಗೆ ನಡೆದ ಮೋಟಾರು ಪಯಣಗಳಲ್ಲಿ ಆ ವಿಂಗಡಣೆ ಸ್ಪಷ್ಟವಾಗಿ ಕಾಣುತ್ತದೆ.

ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ 1926ರಲ್ಲಿ ಈಜಿಪ್ಟಿಗೆ ಬಂದರು. ರಜೆ ಸಿಕ್ಕಾಗಲೆಲ್ಲ ಫೋರ್ಡ್ ಕಾರುಗಳನ್ನು ಮರಳಿಗಿಳಿಸಿದರು. ಕಾಂತೀಯ ದಿಕ್ಸೂಚಿ ಅವರಿಗೆ ಸರಿಬರಲಿಲ್ಲ, ಅದಕ್ಕೆ ಕಾರಣ ಗಾಡಿಯೇ. ಉಕ್ಕಿನ ಚಾಸಿ, ಎಂಜಿನ್, ಡೈನಮೋ ಎಲ್ಲವೂ ಮುಳ್ಳನ್ನು ತಮ್ಮತ್ತ ಎಳೆಯುತ್ತವೆ. ಎಳೆತ ಒಂದೇ ತೆರನಾಗಿದ್ದರೆ ಹಡಗಿನವರಂತೆ ತಿದ್ದುಪಡಿ ಪಟ್ಟಿ ಮಾಡಿಟ್ಟುಕೊಳ್ಳಬಹುದಿತ್ತು. ಆದರೆ ಮರುಭೂಮಿಯ ಗಾಡಿಯಲ್ಲಿ ಹೇರು ದಿನದಿನಕ್ಕೂ ಬದಲಾಗುತ್ತದೆ: ಪೆಟ್ರೋಲ್ ಡಬ್ಬಗಳು ಖಾಲಿಯಾಗುತ್ತವೆ, ಸಾಮಾನು ಆ ಮೂಲೆಯಿಂದ ಈ ಮೂಲೆಗೆ ಸರಿಯುತ್ತದೆ. ನಂಬುವಂಥ ಅಳತೆ ಬೇಕಾದರೆ ಗಾಡಿ ನಿಲ್ಲಿಸಿ, ಇಳಿದು, ದೂರ ನಡೆದು ಮುಳ್ಳು ನೋಡಬೇಕು. ಐದು ಡಿಗ್ರಿ ತಪ್ಪಿದ ಲಾರಿ 100 ಕಿ.ಮೀ. ಹೋಗುವಷ್ಟರಲ್ಲಿ ಸುಮಾರು 8.7 ಕಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ನೀರಿನ ಬಾವಿಯೊಂದನ್ನು ಹುಡುಕಿ ಹೊರಟವರಿಗೆ ಇದು ಸಣ್ಣ ತಪ್ಪಲ್ಲ.

ಬ್ಯಾಗ್ನಾಲ್ಡ್ ಕಂಡುಕೊಂಡ ದಾರಿ ಸೂರ್ಯ ದಿಕ್ಸೂಚಿ. ಡಿಗ್ರಿ ಗುರುತು ಹಾಕಿದ ಮಟ್ಟಸವಾದ ಬಿಲ್ಲೆ, ಅದರ ನಡುವೆ ನೆಟ್ಟಗೆ ನಿಂತ ಸೂಜಿ. ಸೂರ್ಯ ಸರಿದಂತೆ ಬಿಲ್ಲೆಯನ್ನು ಆಗಾಗ ತಿರುಗಿಸಿಟ್ಟು, ನೆರಳು ಬೇಕಾದ ಗುರುತಿನ ಮೇಲೆ ಬೀಳುವಂತೆ ಗಾಡಿ ಓಡಿಸಬೇಕು. ಇದಕ್ಕೆ ಕಬ್ಬಿಣದ ಹಂಗಿಲ್ಲ. ಸಮಸ್ಯೆ ಬರುವುದು ಬೇಸಿಗೆಯ ನಡುಹಗಲಿನಲ್ಲಿ. ಸೀವಾ ಓಯಸಿಸ್ ಸುಮಾರು 29 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ 21ರ ಮಧ್ಯಾಹ್ನ ಅಲ್ಲಿ ಸೂರ್ಯ 84 ಡಿಗ್ರಿ ಎತ್ತರದಲ್ಲಿರುತ್ತಾನೆ. ಲೆಕ್ಕ ಹಾಕಿದರೆ 6 ಸೆಂ.ಮೀ. ಸೂಜಿಯ ನೆರಳು ಆಗ ಬರೀ 6 ಮಿ.ಮೀ. ಇನ್ನೂ ದಕ್ಷಿಣಕ್ಕೆ, ಕರ್ಕಾಟಕ ಸಂಕ್ರಾಂತಿ ವೃತ್ತದ ಸಮೀಪವಿರುವ ಕುಫ್ರಾದಲ್ಲಿ, ಅದು 1 ಮಿ.ಮೀ.ಗೂ ಕಡಿಮೆ. ಓದುವುದೇನು ಬಂತು! ಬ್ಯಾಗ್ನಾಲ್ಡ್ 1940ರಲ್ಲಿ ಕಟ್ಟಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂಬ ಸೇನಾದಳದವರು ಬೇಸಿಗೆಯಲ್ಲಿ ನಡುಹಗಲು ಗಾಡಿ ನಿಲ್ಲಿಸುತ್ತಿದ್ದುದಕ್ಕೆ ಸೆಕೆಯೊಂದೇ ಕಾರಣವಲ್ಲ.

ಇಷ್ಟಾದರೂ ಸಿಕ್ಕಿದ್ದು ದಿಕ್ಕು ಮಾತ್ರ. ನೆಲೆ ತಿಳಿಯಲು ದಳದ ದಾರಿಗಾರ ಓಡೋಮೀಟರ್ ನೋಡುತ್ತ, ಯಾವ ದಿಕ್ಕಿಗೆ ಎಷ್ಟು ದೂರ ಎಂದು ದಿನವಿಡೀ ಬರೆದುಕೊಳ್ಳುತ್ತಿದ್ದ. ಮರಳಿನಲ್ಲಿ ಚಕ್ರ ಜಾರಿದರೆ ದೂರದ ಲೆಕ್ಕ ತಪ್ಪುತ್ತದೆ. ಅದನ್ನು ಸರಿಪಡಿಸಲು ರಾತ್ರಿ ಥಿಯೋಡಲೈಟ್ ಹೂಡಿ ನಕ್ಷತ್ರಗಳ ಎತ್ತರ ಅಳೆಯಬೇಕು, ರೇಡಿಯೊದ ಸಮಯ ಸಂಕೇತಕ್ಕೆ ಗಡಿಯಾರ ಹೊಂದಿಸಬೇಕು. ನಾಲ್ಕು ಸೆಕೆಂಡು ತಪ್ಪಿದರೆ ಸೀವಾದ ಅಕ್ಷಾಂಶದಲ್ಲಿ ಪೂರ್ವಪಶ್ಚಿಮವಾಗಿ ಸುಮಾರು 1.6 ಕಿ.ಮೀ. ವ್ಯತ್ಯಾಸ ಬರುತ್ತದೆ.

ಜಿಪಿಎಸ್ ಕಿತ್ತುಕೊಂಡದ್ದು ಈ ರಾತ್ರಿಯ ಕೆಲಸವನ್ನು ಎಂದು ನನ್ನ ವಾದ. ಅದನ್ನು ಹೋಲಿಸಬೇಕಾದದ್ದು ಥಿಯೋಡಲೈಟಿನೊಡನೆ, ದಿಕ್ಸೂಚಿಯೊಡನೆ ಅಲ್ಲ. ಅದೂ ಆಕಾಶದ ಕಾಯಗಳನ್ನೂ ಗಡಿಯಾರವನ್ನೂ ನಂಬಿದ ವಿದ್ಯೆಯೇ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಬೇಕು. ಗಡಿಯಾರದಲ್ಲಿ ಮೈಕ್ರೊಸೆಕೆಂಡು ತಪ್ಪಿದರೆ ದೂರದ ಲೆಕ್ಕದಲ್ಲಿ 300 ಮೀಟರ್ ಹೋಗುತ್ತದೆ. 1991ರ ಕೊಲ್ಲಿ ಯುದ್ಧದಲ್ಲಿ ಗುರುತುಗಳಿಲ್ಲದ ಇರಾಕಿನ ಮರುಭೂಮಿಯನ್ನು ಅಮೆರಿಕದ ಸೇನೆ ದಾಟಿದ್ದು ಇದರ ಬಲದಿಂದ. ಆಗಿನ್ನೂ ಉಪಗ್ರಹಗಳ ಬಳಗ ಪೂರ್ತಿಯಾಗಿರಲಿಲ್ಲ, ದಿನದ ಕೆಲವು ಹೊತ್ತು ಸಾಕಷ್ಟು ಉಪಗ್ರಹಗಳು ಸಿಗುತ್ತಿರಲಿಲ್ಲ. ವ್ಯವಸ್ಥೆ ಪೂರ್ಣಗೊಂಡದ್ದು 1995ರಲ್ಲಿ.

ದಿಕ್ಕಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಒಂದೇ ಆಂಟೆನಾದ ಜಿಪಿಎಸ್ ಗಾಡಿ ಚಲಿಸಿದಾಗಷ್ಟೇ ದಿಕ್ಕು ಹೇಳಬಲ್ಲದು, ಅದೂ ಚಲನೆಯ ದಿಕ್ಕು. ಕಾರು ತಯಾರಕರು ಇದನ್ನು ಜಿಪಿಎಸ್‌ಗಿಂತ ಮೊದಲೇ ಎದುರಿಸಿದ್ದರು. 1981ರಲ್ಲಿ ಹೋಂಡಾ ತನ್ನ ಸಾಧನದಲ್ಲಿ ಗೈರೊಸ್ಕೋಪ್ ಬಳಸಿತು. 1985ರಲ್ಲಿ ಕ್ಯಾಲಿಫೋರ್ನಿಯಾದ ಇಟ್ಯಾಕ್ ಕಂಪನಿ ವಿದ್ಯುನ್ಮಾನ ದಿಕ್ಸೂಚಿಗೆ ಚಕ್ರದ ಸಂವೇದಕಗಳನ್ನೂ ಗಣಕದ ನಕ್ಷೆಯನ್ನೂ ಜೋಡಿಸಿತು. ಇಂದು ಸುರಂಗದೊಳಗೂ ನಕ್ಷೆಯ ಚುಕ್ಕೆಯನ್ನು ಮುಂದೆ ಸರಿಸುವ ಕಾರುಗಳು ಮಾಡುವುದು ಅದೇ ದಾರಿಗಾರನ ಲೆಕ್ಕವನ್ನು.

ಫೋನಿನೊಳಗೂ ಪುಟ್ಟ ಕಾಂತೀಯ ದಿಕ್ಸೂಚಿ ಇದೆ. ಕಾರಿನ ಉಕ್ಕು ಮತ್ತು ಹೋಲ್ಡರಿನ ಅಯಸ್ಕಾಂತ ಅದನ್ನೂ ದಾರಿ ತಪ್ಪಿಸುತ್ತವೆ. ಆದ್ದರಿಂದ ನಿಂತ ಕಾರಿನಲ್ಲಿ ಬಾಣ ಹಿಂದಕ್ಕೆ ತೋರಿಸಿತೆಂದು ಕೂಡಲೇ ಯು-ಟರ್ನ್ ಹೊಡೆಯಬೇಡಿ. ಒಂದಷ್ಟು ಮೀಟರ್ ಮುಂದೆ ಹೋಗಿ, ಆಮೇಲೆ ನೋಡಿ.