ಕೀಲಿ ಯಾರ ಬಳಿ: ಕ್ಲೌಡ್ ಕಡತ ಹಂಚಿಕೆಯ ಮೊದಲ ವರ್ಷಗಳು

ಕಡತಗಳನ್ನು ಸ್ವಂತ ಕಂಪ್ಯೂಟರಿನಲ್ಲಷ್ಟೇ ಇಡದೆ ಕಂಪನಿಯೊಂದರ ಸರ್ವರ್‌ಗಳಲ್ಲಿ ಇರಿಸಿ, ಯಾವ ಯಂತ್ರದಿಂದಲಾದರೂ ತೆರೆಯುವ ಮತ್ತು ಇತರರೊಡನೆ ಹಂಚಿಕೊಳ್ಳುವ ಕ್ಲೌಡ್ ಪದ್ಧತಿಯನ್ನು ಜನಸಾಮಾನ್ಯರಿಗೆ ತಲುಪಿಸಿದ ತಂತ್ರಾಂಶಗಳಲ್ಲಿ ಡ್ರಾಪ್‌ಬಾಕ್ಸ್ ಮುಂಚೂಣಿಯದು. ಡ್ರೂ ಹೌಸ್ಟನ್ ಮತ್ತು ಅರಾಶ್ ಫಿರ್ದೌಸಿ 2007ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ ಈ ಕಂಪನಿಗೆ 2011ರ ಏಪ್ರಿಲ್ ವೇಳೆಗೆ ಎರಡೂವರೆ ಕೋಟಿ ಬಳಕೆದಾರರಿದ್ದರು. ಬಳಕೆದಾರರ ಕಡತಗಳನ್ನು ತೆರೆಯಲು ತನ್ನ ನೌಕರರಿಗೆ ಸಾಧ್ಯವೇ ಇಲ್ಲವೆಂದು ಹೇಳಿಕೊಂಡು ಬಂದಿದ್ದ ಕಂಪನಿ, ಹಾಗೆ ತೆರೆಯುವುದನ್ನು ನಿಯಮದ ಮೂಲಕ ನಿಷೇಧಿಸಲಾಗಿದೆಯಷ್ಟೇ ಎಂದು ತನ್ನ ಹೇಳಿಕೆಯನ್ನು ತಿದ್ದಿಕೊಳ್ಳಬೇಕಾಗಿ ಬಂದದ್ದು ಅದೇ ತಿಂಗಳಲ್ಲಿ.

ಈ ತಿದ್ದುಪಡಿಯ ಹಿಂದಿದ್ದದ್ದು ಜಾಗ ಉಳಿಸುವ ಲೆಕ್ಕಾಚಾರ. ಒಂದೇ ಹಾಡನ್ನು ಸಾವಿರ ಮಂದಿ ಸೇರಿಸಿದರೂ ಒಂದೇ ಪ್ರತಿಯನ್ನು ಇಟ್ಟುಕೊಂಡು ಎಲ್ಲರ ಖಾತೆಗೂ ಜೋಡಿಸುವುದು ಕಂಪನಿಯ ಕ್ರಮವಾಗಿತ್ತು. ಇದಕ್ಕಾಗಿ ಪ್ರತಿ ಕಡತವನ್ನು 4 ಮೆಗಾಬೈಟ್‌ವರೆಗಿನ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಹ್ಯಾಶ್ ಅನ್ನು, ಅಂದರೆ ಅದರೊಳಗಿನ ದತ್ತಾಂಶದಿಂದ ಲೆಕ್ಕಹಾಕಿದ, ಬೆರಳಚ್ಚಿನಂತೆ ಅದನ್ನಷ್ಟೇ ಗುರುತಿಸುವ ಸಂಕೇತವನ್ನು, ಮೊದಲು ಸರ್ವರ್‌ಗೆ ಕಳುಹಿಸಲಾಗುತ್ತಿತ್ತು. ಆ ತುಂಡು ಅಲ್ಲಿ ಆಗಲೇ ಇದ್ದರೆ ಮತ್ತೆ ಕಳುಹಿಸುವ ಅಗತ್ಯವಿರಲಿಲ್ಲ. ಪ್ರತಿಯೊಬ್ಬರೂ ತಮ್ಮದೇ ಕೀಲಿಯಿಂದ ಕಡತವನ್ನು ಗೂಢಲಿಪಿಗೆ ತಿರುಗಿಸಿದ್ದರೆ ಒಂದೇ ಹಾಡು ಒಬ್ಬೊಬ್ಬರ ಬಳಿ ಒಂದೊಂದು ರೂಪ ತಾಳಿ ಇಂಥ ಹೋಲಿಕೆ ಅಸಾಧ್ಯವಾಗುತ್ತಿದ್ದುದರಿಂದ, ಕೀಲಿಗಳು ಕಂಪನಿಯ ಕೈಯಲ್ಲೇ ಉಳಿದವು. ಕೀಲಿ ಇದ್ದವರಿಗೆ ಕಡತವೂ ತೆರೆಯುತ್ತದೆ, ನ್ಯಾಯಾಲಯ ಆದೇಶಿಸಿದರೆ ಅದನ್ನು ಒಪ್ಪಿಸಲೂ ಬೇಕಾಗುತ್ತದೆ. ಭದ್ರತಾ ಸಂಶೋಧಕ ಕ್ರಿಸ್ಟೋಫರ್ ಸೊಘೋಯಾನ್ ಇದನ್ನೇ ಎತ್ತಿ ತೋರಿಸಿ ಅಮೆರಿಕದ ಫೆಡರಲ್ ವ್ಯಾಪಾರ ಆಯೋಗಕ್ಕೆ ಮೇ ತಿಂಗಳಲ್ಲಿ ದೂರು ಸಲ್ಲಿಸಿದರು. ಜಾಗ ಉಳಿಸುವ ವಿನ್ಯಾಸ ತಪ್ಪೇನಲ್ಲ. ಅದಕ್ಕೆ ಹೊಂದದ ಭರವಸೆಯನ್ನು ಕೋಟ್ಯಂತರ ಜನರಿಗೆ ಕೊಟ್ಟದ್ದು ದೊಡ್ಡ ತಪ್ಪು. ಕಡತ ಕೈಯಲ್ಲಿಲ್ಲದಿದ್ದರೂ ಅದರ ಹ್ಯಾಶ್ ಗೊತ್ತಿದ್ದವರು ಇಡೀ ಕಡತವನ್ನೇ ಪಡೆಯಬಹುದಾಗಿತ್ತೆಂದು ವಿಯೆನ್ನಾದ ಸಂಶೋಧಕರು ಅದೇ ವರ್ಷ ತೋರಿಸಿಕೊಟ್ಟರು.

2011ರ ಜೂನ್ 19ರಂದು ತಂತ್ರಾಂಶದ ಬದಲಾವಣೆಯೊಂದರಲ್ಲಿ ನುಸುಳಿದ ದೋಷದಿಂದಾಗಿ, ಸುಮಾರು ನಾಲ್ಕು ಗಂಟೆಗಳ ಕಾಲ ಯಾವ ಪಾಸ್‌ವರ್ಡ್ ಕೊಟ್ಟರೂ ಖಾತೆಗಳು ತೆರೆದುಕೊಳ್ಳುತ್ತಿದ್ದವು. 2012ರಲ್ಲಿ ನೌಕರನೊಬ್ಬ ಬೇರೆ ತಾಣದಲ್ಲಿಯೂ ಬಳಸಿದ್ದ ಪಾಸ್‌ವರ್ಡ್ ಸೋರಿಹೋಗಿ, ಬಳಕೆದಾರರ ಇಮೇಲ್ ವಿಳಾಸಗಳಿದ್ದ ದಾಖಲೆ ಕಳ್ಳರಿಗೆ ಸಿಕ್ಕಿತು. ಆ ವರ್ಷ ಕಳುವಾದದ್ದು 6.8 ಕೋಟಿಗೂ ಹೆಚ್ಚು ಖಾತೆಗಳ ಇಮೇಲ್ ವಿಳಾಸ ಮತ್ತು ಹ್ಯಾಶ್ ರೂಪದ ಪಾಸ್‌ವರ್ಡ್ ಎಂಬುದು ಹೊರಬಿದ್ದದ್ದು 2016ರಲ್ಲಿ. ತಮ್ಮ ಗುಟ್ಟು ಬಯಲಾದ ಸಂಗತಿಯೇ ತಿಳಿಯದೆ ಜನ ನಾಲ್ಕು ವರ್ಷ ಅದೇ ಪಾಸ್‌ವರ್ಡ್ ಬಳಸುತ್ತಿದ್ದ ಸಾಧ್ಯತೆ ಈ ಪ್ರಕರಣದ ಅತ್ಯಂತ ನೋವಿನ ಅಂಶ.

ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಬಯಲಿಗೆ ತಂದ ಅಮೆರಿಕದ ಗುಪ್ತಚರ ದಾಖಲೆಗಳಲ್ಲಿ, ಪ್ರಿಸಂ ಎಂಬ ಮಾಹಿತಿ ಸಂಗ್ರಹ ಯೋಜನೆಗೆ ಡ್ರಾಪ್‌ಬಾಕ್ಸ್ ಸದ್ಯದಲ್ಲೇ ಸೇರಲಿದೆಯೆಂಬ ಉಲ್ಲೇಖವಿತ್ತು. ಕಳ್ಳರ ಬಗೆಗಿದ್ದ ಭಯಕ್ಕೆ ಸರ್ಕಾರದ ಭಯವೂ ಸೇರಿಕೊಂಡ ಮೇಲೆ, ಕೀಲಿಯನ್ನು ಬಳಕೆದಾರರ ಯಂತ್ರದಲ್ಲಷ್ಟೇ ಇರಿಸುವ ಸ್ಪೈಡರ್‌ಓಕ್‌ನಂಥ ತಂತ್ರಾಂಶಗಳತ್ತ ಗಮನ ಹರಿಯಿತು. ಈ ವಿಧಾನದಲ್ಲಿ ಪಾಸ್‌ವರ್ಡ್ ಮರೆತರೆ ಕಂಪನಿಯೂ ಕಡತವನ್ನು ಮರಳಿಸಲಾರದು. ಆ ಕಷ್ಟವನ್ನು ಒಪ್ಪಿದವರು ಬಹುಕಾಲ ಕೆಲವರೇ. ಆಪಲ್ ಕಂಪನಿ 2022ರ ಡಿಸೆಂಬರ್‌ನಲ್ಲಿ ಐಕ್ಲೌಡ್‌ನ ಹೆಚ್ಚಿನ ದತ್ತಾಂಶಕ್ಕೆ ಇದೇ ಬಗೆಯ ರಕ್ಷಣೆಯನ್ನು ಐಚ್ಛಿಕವಾಗಿ ಒದಗಿಸಿತಾದರೂ, ಗೂಢಲಿಪಿಯನ್ನು ದಾಟುವ ದಾರಿ ಬೇಕೆಂದು ಬ್ರಿಟಿಷ್ ಸರ್ಕಾರ ಒತ್ತಾಯಿಸಿದೆಯೆಂಬ ವರದಿಗಳ ಬೆನ್ನಲ್ಲೇ, 2025ರ ಫೆಬ್ರವರಿಯಲ್ಲಿ ಆ ದೇಶದ ಹೊಸ ಬಳಕೆದಾರರಿಗೆ ಅದನ್ನು ನಿಲ್ಲಿಸಿತು.